ದೂರದ ಯುದ್ಧ ಮತ್ತು ನನ್ನ ಹಿಂದಿನ ಗಾಲಿ

ನನಗೊಂದು ಕೆಟ್ಟ ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಂಬಾಕಲ್ಲ, ಇಸ್ಪೀಟಲ್ಲ. ಅವೇ ಆಗಿದ್ದರೆ ಊರಿನಲ್ಲಿ ನಾಲ್ಕು ಜನ ಜೊತೆಗಾದರೂ ಸಿಗುತ್ತಿದ್ದರು. ನನ್ನದು ಸುದ್ದಿಯ ಚಟ. ರಾತ್ರಿ ನಾನು ಮಲಗಿದ್ದಾಗ ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಸುಟ್ಟಿತು ಎಂದು ನೋಡಿಕೊಳ್ಳದಿದ್ದರೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ನೋಡಿಕೊಂಡ ಮೇಲಂತೂ ಇಳಿಯುವುದೇ ಇಲ್ಲ. ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದಷ್ಟು ದಿನ ಇದಕ್ಕೆಲ್ಲ ಪುರಸೊತ್ತಿರಲಿಲ್ಲ. ನಿವೃತ್ತನಾದ ದಿನ ಹಾರ ಹಾಕಿ, ಕೈಯಿಂದ ಹಾಜರಿ ಪುಸ್ತಕ ತೆಗೆದುಕೊಂಡು ಮನೆಗೆ ಕಳಿಸಿದರು. ಮರುದಿನದಿಂದ ನಾನು ಜಗತ್ತಿನ ಹಾಜರಿ ಹಿಡಿಯಲು ಕುಳಿತೆ. ಒಂದು ಪೇಪರ್, ಒಂದು ಟಿವಿ, ಮಗಳು ಕೊಡಿಸಿದ ಒಂದು ಮೊಬೈಲ್. ಹತ್ತು ಗಂಟೆಯ ಹೊತ್ತಿಗೆ ಹೊಲದಲ್ಲಿ ದುಡಿದು ಬಂದವನಂತೆ ಸುಸ್ತಾಗಿರುತ್ತೇನೆ. ಆ ಸುಸ್ತಿನಲ್ಲೇ ಸೈಕಲ್ ಹೊರಗೆ ತೆಗೆದು, ಹೆಂಡತಿ ಹೇಳಿದ ಕೆಲಸಗಳಿಗೆ ಹೊರಡುತ್ತೇನೆ. ಜೋಳ ಬೀಸಿಸಿಕೊಂಡು ಬರುವುದು, ಅವಳ ಬಿಪಿ ಗುಳಿಗೆ ತರುವುದು, ಹೊಲಿಯಲು ಕೊಟ್ಟ ಜಂಪರು ತಯಾರಾಗಿದೆಯೇ ಎಂದು ಕೇಳಿಕೊಂಡು ಬರುವುದು, ಆಗಿಲ್ಲವೆಂದು ಬಂದು ಹೇಳುವುದು.

ನಮ್ಮೂರು ಸಂಶಿಗೂ ಗುಡಗೇರಿಗೂ ನಡುವೆ ಇರುವ ಎರಿ ಭೂಮಿಯ, ಕಪ್ಪು ಮಣ್ಣಿನ ಹಳ್ಳಿ. ಮಳೆಗಾಲದಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿ ತಿರುಗಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಜಾಲಿಮುಳ್ಳು ಕಾಯುತ್ತ ಕುಳಿತಿರುತ್ತದೆ. ಹೀಗಾಗಿ ಸೈಕಲ್ ಇಟ್ಟವನಿಗೆ ಇಲ್ಲಿ ದೇವರಿಗಿಂತ ಹೆಚ್ಚಾಗಿ ಸೈಕಲ್ ಅಂಗಡಿಯವನು ಬೇಕು. ಊರ ತುಂಬ ಬೈಕುಗಳು ಬಂದು, ಉಳಿದವರೆಲ್ಲ ಅಂಗಡಿ ಮುಚ್ಚಿದ ಮೇಲೂ ಮುಚ್ಚದೆ ಉಳಿದವನೆಂದರೆ ಚನ್ನಪ್ಪ ಒಬ್ಬನೇ. ಅವನು ಮೂರನೇ ಇಯತ್ತೆಯಲ್ಲಿ ನನ್ನ ಜೊತೆ ಶಾಲೆ ಕಲಿತ ಗೆಳೆಯ. ನನ್ನ ಸೈಕಲ್ಲಿನ ನರನಾಡಿ ಅವನಿಗೆ ಗೊತ್ತು, ನನ್ನದೂ ಗೊತ್ತು. ದಿನಾ ಬೆಳಿಗ್ಗೆ ಅವನ ಅಂಗಡಿಯ ಮುಂದಿನ ಕಟ್ಟಿಗೆ ಬಾಕಿನ ಮೇಲೆ ಕುಳಿತು ನಾನು ಪೇಪರ್ ಓದಿ ಹೇಳುವುದು, ಅವನು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹುಡುಕುತ್ತ ಕೇಳುವುದು, ಹೀಗೆ ನಡೆದಿತ್ತು.

ಆಮೇಲೆ ಆ ಯುದ್ಧ ಬಂತು. ಯಾವ ಎರಡು ದೇಶಗಳ ನಡುವೆ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಓದುತ್ತಿರುವ ನೀವೂ ಒಂದು ಕಡೆ ನಿಂತುಬಿಡುತ್ತೀರಿ, ನನಗೆ ಇನ್ನಷ್ಟು ಜನರ ಸಿಟ್ಟು ಬೇಡ. ನಾನು ಒಂದು ದೇಶದ ಕಡೆ, ಚನ್ನಪ್ಪ ಇನ್ನೊಂದರ ಕಡೆ. ಆ ದೇಶಗಳಿಗೆ ನಮ್ಮಿಂದ ಏನೂ ಆಗಬೇಕಾಗಿರಲಿಲ್ಲ. ಆದರೂ ದಿನಾ ಹನ್ನೊಂದರವರೆಗೆ ನಾವು ಕಾದಾಡುತ್ತಿದ್ದೆವು. ಒಂದು ದಿನ ಅವನಿಗೆ ತಿಳಿಸಿ ಹೇಳಬೇಕೆಂದು ಮುರಿದ ಕಡ್ಡಿಯೊಂದನ್ನು ತೆಗೆದುಕೊಂಡು ಅಂಗಡಿಯ ಮುಂದಿನ ಮಣ್ಣಿನಲ್ಲಿ ನಕಾಶೆ ಬರೆದೆ. ಇದು ನದಿ, ಇದು ಗುಡ್ಡ, ಇಲ್ಲಿಂದ ಈಚೆಗೆ ನಮ್ಮದು ಅಂದೆ. ಹೌದು, ನಮ್ಮದು ಅಂದೆ. ಚನ್ನಪ್ಪ ಎದ್ದು ಬಂದು ಆ ಗುಡ್ಡದ ಮೇಲೆ ಚಪ್ಪಲಿ ಕಾಲಿಟ್ಟು, "ಇದು ನಿಮ್ಮಪ್ಪಂದೇನಲೇ? ನಮ್ಮದು!" ಅಂದು ನದಿ ಸಮೇತ ಅಳಿಸಿದ. ಬಿಸಿಲೇರಿತ್ತು, ನನ್ನ ತಲೆಯೂ ಕಾಯ್ದಿತ್ತು. "ಪಂಕ್ಚರ್ ತಿದ್ದಾಂವಗ ಇದೆಲ್ಲಾ ಯಾಕ ಬೇಕು?" ಅಂದುಬಿಟ್ಟೆ.

ಮಾತು ಬಾಯಿಂದ ಬಿದ್ದ ಕೂಡಲೇ ತಪ್ಪಾಯಿತೆಂದು ಗೊತ್ತಾಯಿತು. ಇಡೀ ಊರಿನವರ ಗಾಲಿ ಸರಿಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ ಮನುಷ್ಯ ಅವನು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ, ಆದರೆ ಅಷ್ಟರಲ್ಲಿ ಬಾಕಿನ ಮೇಲಿದ್ದ ಇಬ್ಬರು ನಕ್ಕರು. ಜನರೆದುರು ಸೋಲಬಾರದೆಂದು ನಾನು ಬಾಯಿ ಮುಚ್ಚಿಕೊಂಡೆ. ಚನ್ನಪ್ಪ ಪಂಪು ತೆಗೆದುಕೊಂಡ. ನನ್ನ ಸೈಕಲ್ಲಿಗೆ ಗಾಳಿ ಹೊಡೆದ, ಸೀಟು ಒರೆಸಿದ, ಹ್ಯಾಂಡಲ್ ನನ್ನ ಕೈಗೆ ಕೊಟ್ಟು, "ಹೋಗಿ ಬರ್ರಿ ಸಾಹೇಬ್ರ" ಅಂದ. ಐವತ್ತು ವರ್ಷದಲ್ಲಿ ಅವನು ನನಗೆ ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಮನೆಗೆ ಬಂದು ಊಟ ಮಾಡಲಾಗಲಿಲ್ಲ.

ಅಲ್ಲಿಂದ ಮುಂದೆ ನನ್ನ ವನವಾಸ ಶುರುವಾಯಿತು. ಮುಳ್ಳು ಚುಚ್ಚಿದರೆ ಸೈಕಲ್ ತಳ್ಳಿಕೊಂಡು ಸಂಶಿಗೆ ಹೋಗಬೇಕು. ಅಲ್ಲಿಗೆ ಹೋಗಲು ಚನ್ನಪ್ಪನ ಅಂಗಡಿಯ ಮುಂದಿನಿಂದಲೇ ದಾರಿ. ಹಾಗೆ ಕಾಣಿಸಿಕೊಳ್ಳಬಾರದೆಂದು ನಾನು ಕೆರೆ ಏರಿಯ ಹಿಂದಿನಿಂದ ಸುತ್ತು ಹಾಕುತ್ತಿದ್ದೆ, ಆ ಸುತ್ತಿನಲ್ಲಿ ಇನ್ನೊಂದು ಗಾಲಿಗೂ ಮುಳ್ಳು ಚುಚ್ಚುತ್ತಿತ್ತು. ಕ್ಯಾರಿಯರ್ ಮೇಲೆ ಹಿಟ್ಟಿನ ಚೀಲ ಹೇರಿ ಸೈಕಲ್ ತಳ್ಳುತ್ತಿದ್ದ ನನ್ನನ್ನು ನೋಡಿ ಒಬ್ಬರಾದರೂ, "ಯಾಕ್ರಿ, ಸೈಕಲ್ ನಿಮ್ಮನ್ನ ಹೊತ್ತೈತೋ, ನೀವ ಸೈಕಲ್ ಹೊತ್ತೀರೋ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಹ್ಯಾಂಡಲಿಗೆ ಕಟ್ಟಿದ ಪಂಪು, ಮೊಣಕಾಲಿಗೆ ಕಟ್ಟಿದ ಬೆಲ್ಟು, ಎರಡೂ ಒಂದೇ ತಿಂಗಳಲ್ಲಿ ಬಂದವು. ಅಷ್ಟಾದರೂ ಸುದ್ದಿ ಬಿಡಲಿಲ್ಲ. ಮೊದಲು ಗೆಳೆಯನ ಜೊತೆ ಹಂಚಿಕೊಳ್ಳುತ್ತಿದ್ದ ಯುದ್ಧವನ್ನು ಈಗ ಒಬ್ಬನೇ ಕುಳಿತು ನೋಡುತ್ತಿದ್ದೆ, ಅದು ಇನ್ನೂ ದಣಿವಿನ ಕೆಲಸ.

ಒಂದು ದಿನ ಬೆಳಿಗ್ಗೆ ಟಿವಿ ಹಚ್ಚುತ್ತೇನೆ, ಆ ಎರಡು ದೇಶದ ದೊಡ್ಡ ಮನುಷ್ಯರು ಉದ್ದನೆಯ ಮೇಜಿನ ಎದುರು ನಿಂತು ಕೈಕೈ ಹಿಡಿದು ನಗುತ್ತಿದ್ದಾರೆ! ಕದನವಿರಾಮವಂತೆ. ಒಪ್ಪಂದವಂತೆ. ಜನ ಸಾಯುವುದು ನಿಂತಿತಲ್ಲ ಎಂದು ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಬೆನ್ನಿಗೇ ಅಳುವಷ್ಟು ಸಿಟ್ಟು ಬಂತು. ಇವರಿಗಾಗಿ ನಾನು ಐದು ತಿಂಗಳು ಬಿಸಿಲಲ್ಲಿ ಸೈಕಲ್ ತಳ್ಳಿದ್ದೆ. ಒಂದು ಮಾತು ಹೇಳಿಕಳಿಸುವುದು ಬೇಡವೇ? ಅವರ ಒಪ್ಪಂದದ ಕಾಗದದಲ್ಲಿ ಕೈದಿಗಳ ವಿಷಯವಿತ್ತು, ಬಂದರಿನ ವಿಷಯವಿತ್ತು, ನಮ್ಮ ಕುಂದಗೋಳ ತಾಲೂಕಿನ ಇಬ್ಬರು ಮುದುಕರ ವಿಷಯ ಎಲ್ಲಿಯೂ ಇರಲಿಲ್ಲ.

ಅವತ್ತೇ ಗಿರಣಿಗೆ ಹೊರಟಾಗ ಹಿಂದಿನ ಗಾಲಿ ಪುಸ್ಸೆಂದಿತು. ಕೆರೆ ಏರಿ ಸುತ್ತುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ನೆಟ್ಟಗೆ ಚನ್ನಪ್ಪನ ಅಂಗಡಿಯ ಮುಂದೆ ಹೋಗಿ ನಿಂತೆ. ಅವನು ತಲೆ ಎತ್ತಿ ನೋಡಿದ. ಗಾಲಿ ನೋಡಿದ. ಸೈಕಲ್ ಮಲಗಿಸಿ ಟ್ಯೂಬ್ ಹೊರಗೆಳೆದ. ಅದರ ಮೇಲೆ ಸಂಶಿಯವನು ಹಾಕಿದ ತೇಪೆಗಳನ್ನು ನೋಡಿ ಅವನ ಮುಖ ಬಾಡಿತು.

"ಯಾವ ಮಗಾ ಹಚ್ಚ್ಯಾನಲೇ ಇದನ್ನ?" ಅಂದ.

ಆ 'ಲೇ' ಕೇಳಿದ್ದೇ ತಡ, ನಾನು ಅವನ ಪಕ್ಕದಲ್ಲಿ ಕುಕ್ಕರಿಸಿದೆ. "ಚನ್ನಪ್ಪಾ, ಅವತ್ತ ನಾ ಅಂದದ್ದು ತಪ್ಪಾತು" ಅಂದೆ.

"ತಪ್ಪು ನಂದಲೇ" ಅಂದ ಅವನು, ಟ್ಯೂಬ್ ಉಜ್ಜುತ್ತ. "ಗೌರಿ ದವಾಖಾನಿಯಿಂದ ಬಂದ ಮ್ಯಾಗ ಇಪ್ಪತ್ತು ದಿನ ನಿಮ್ಮ ಮನಿ ರೊಟ್ಟಿ, ಪಲ್ಯ. ನೀನ ಕಳಿಸೀದಿ ಅಂತ ನಿನ್ನ ಹೇಣ್ತಿ ಹೇಳತಿದ್ಲು. ಅಷ್ಟು ಉಂಡು ನಿನ್ನ ಮನಿಗೆ ಬಂದು ಒಂದು ಮಾತು ಆಡಲಿಲ್ಲ ನೋಡು. ನನಗ ನಾಚಿಕಿ ಬರ್ತೈತಿ."

ಯಾವ ದವಾಖಾನೆ? ಯಾವ ರೊಟ್ಟಿ? ಗೌರಿ ಅಂದರೆ ಗೌರವ್ವ, ಅವನ ಹೆಂಡತಿ, ನನ್ನನ್ನು ಅಣ್ಣ ಎನ್ನುವವಳು, ನಮ್ಮ ಮನೆಯಿಂದ ಐದನೇ ಮನೆ. ಅವಳಿಗೆ ಏನಾಗಿತ್ತೆಂದೇ ನನಗೆ ಗೊತ್ತಿರಲಿಲ್ಲ. ಆ ಕ್ಷಣದಲ್ಲಿ ನಿಜ ಹೇಳಬೇಕಾಗಿತ್ತು, ಹೇಳಲಿಲ್ಲ. "ಇರಲಿ ಬಿಡಪಾ, ಅದರಾಗೇನೈತಿ" ಎಂದು ದೊಡ್ಡ ಮನಸ್ಸಿನವನಂತೆ ಹೇಳಿ, ಸೈಕಲ್ ಅಲ್ಲೇ ಬಿಟ್ಟು, ಜೋಳ ಬೀಸಿಸಿಕೊಂಡು ಮನೆಗೆ ಓಡಿಬಂದೆ.

ಹೆಂಡತಿ ಕಾಳು ಹಸನು ಮಾಡುತ್ತ ಕುಳಿತಿದ್ದಳು. "ಗೌರವ್ವ ದವಾಖಾನಿಯೊಳಗ ಇದ್ಲಂತ, ನನಗ ಯಾಕ ಹೇಳಲಿಲ್ಲ?" ಎಂದು ಜೋರು ಮಾಡಿದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. "ಹೇಳಿದ್ದೆ. ಗೌರಕ್ಕಗ ಪಿತ್ತಕೋಶದ ಕಲ್ಲಿಂದು ಆಪರೇಷನ್ ಆಗೇತಿ, ಹುಬ್ಬಳ್ಳಿ ದವಾಖಾನಿಯೊಳಗ ಅದಾಳ ಅಂದೆ. ನೀವು ಟಿವಿ ನೋಡಾಕತ್ತಿದ್ರಿ. 'ಹೌದು, ದವಾಖಾನಿ ಮ್ಯಾಲೂ ಬಾಂಬ್ ಹಾಕ್ಯಾರ, ಪಾಪ' ಅಂದ್ರಿ. ಮರುದಿನಾ ಹೇಳಿದೆ. 'ಸತ್ತವರ ಲೆಕ್ಕ ಇನ್ನೂ ಸಿಕ್ಕಿಲ್ಲ' ಅಂದ್ರಿ. ಮೂರನೇ ಸಲ ಹೇಳೂದು ಬ್ಯಾಡ ಅಂತ ಬಿಟ್ಟೆ."

ನಾನು ಕಟ್ಟೆಯ ಮೇಲೆ ಕುಳಿತೆ. ಸಮುದ್ರದಾಚೆಯ ದವಾಖಾನೆಗಾಗಿ ಅವತ್ತು ನಾನು ನಿಜವಾಗಿ ಸಂಕಟಪಟ್ಟಿದ್ದೆ, ಅದು ಸುಳ್ಳಲ್ಲ. ಆದರೆ ಐದನೇ ಮನೆಯ ಮಂಚಕ್ಕಾಗಿ ಎದ್ದು ಚಪ್ಪಲಿ ಮೆಟ್ಟಬೇಕಾಗಿತ್ತು, ಅಷ್ಟೇ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಸಂಜೆ ಇಬ್ಬರೂ ಚನ್ನಪ್ಪನ ಮನೆಗೆ ಹೋದೆವು. ಗೌರವ್ವ ಸ್ವಲ್ಪ ಇಳಿದಿದ್ದಳು, ಆದರೆ ಓಡಾಡುತ್ತಿದ್ದಳು. ಚಹಾ ಕೊಟ್ಟಳು. ಕಪ್ಪು ಕೆಳಗಿಟ್ಟು ನಾನು ಎಲ್ಲ ಒಪ್ಪಿಕೊಂಡೆ. ರೊಟ್ಟಿ ಕಳಿಸಿದವನು ನಾನಲ್ಲ, ನಿನಗೆ ಆರಾಮಿಲ್ಲ ಎನ್ನುವುದೂ ನನಗೆ ಗೊತ್ತಿರಲಿಲ್ಲ ತಂಗಿ, ಅಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ನನಗ ಮೊದಲನೇ ದಿನಾನ ಗೊತ್ತಾತ್ರಿ ಅಣ್ಣಾರ. ರೊಟ್ಟಿ ಅವತ್ತಿನ ಪೇಪರಿನ್ಯಾಗ ಸುತ್ತಿದ್ರು. ನಿಮಗ ಗೊತ್ತಿದ್ರ ಆ ಪೇಪರ್ ಬಿಡ್ತಿದ್ರೇನು?" ಚನ್ನಪ್ಪ ಹೆಂಡತಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ. "ಅಂದ್ರ ನಾ ಸುಮ್ಸುಮ್ನ ನಾಚಿಕೊಂಡೆ ಅನ್ನು" ಅಂದು ತೊಡೆ ತಟ್ಟಿಕೊಂಡು ನಗತೊಡಗಿದ. ನಾನೂ ನಕ್ಕೆ. ನನ್ನ ನಗು ಮಾತ್ರ ಬೇಗ ಮುಗಿಯಿತು.

ಮರಳಿ ಬರುವಾಗ ಬೀದಿಯಲ್ಲಿ ತಂಪು ಗಾಳಿ ಇತ್ತು. ಚನ್ನಪ್ಪ ತೇಪೆ ಹಾಕಿ ತನ್ನ ಮನೆಗೆ ತಂದಿಟ್ಟಿದ್ದ ಸೈಕಲ್ಲನ್ನು ತಳ್ಳಿಕೊಂಡು ನಾನು ಹೆಂಡತಿಯ ಪಕ್ಕದಲ್ಲಿ ನಡೆಯುತ್ತಿದ್ದೆ, ಗಾಲಿ ಅಗದಿ ಹಗುರಾಗಿ ಉರುಳುತ್ತಿತ್ತು. ಇನ್ನು ಮುಂದೆ ಮನುಷ್ಯರ ಕಡೆ ಗಮನ ಕೊಡಬೇಕು, ಪಕ್ಕದಲ್ಲಿದ್ದವರ ಮಾತು ಮೊದಲು ಕೇಳಬೇಕು, ಆಮೇಲೆ ಜಗತ್ತು ಎಂದು ಬಹಳ ಗಂಭೀರವಾಗಿ ನಿಶ್ಚಯ ಮಾಡಿಕೊಳ್ಳುತ್ತ, "ಹೂಂ" ಅಂದೆ. ಹೆಂಡತಿ ನಿಂತಳು.

"ಏನು ಹೂಂ? ನಾ ಏನಂದೆ ಹೇಳ್ರಿ ನೋಡೂಣು."

ನಾನೂ ನಿಂತೆ. "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು" ಅಂದೆ.

"ಇನ್ನೊಮ್ಮೆ ಹೇಳಾಂಗಿಲ್ಲ" ಅಂದವಳೇ ಸೆರಗು ಬಿಗಿದುಕೊಂಡು ಮುಂದೆ ನಡೆದಳು. ಅವಳು ಏನು ಹೇಳಿದ್ದಳೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಆ ಎರಡು ದೇಶಗಳಲ್ಲಿ ಈಗ ಏನು ನಡೆದಿದೆ ಎಂದು ಕೇಳಿ, ಹೇಳುತ್ತೇನೆ.