ಮುಖ ನೋಡಿ ಒಳಗೆ ಬಿಡುವ ಆ್ಯಪ್

ಶಾಲೆಯೆಂದ ಮೇಲೆ ನಗುವಂಥದ್ದು ದಿನಾ ಏನಾದರೊಂದು ನಡೆಯುತ್ತದೆ. ಹೆಂಡತಿ ತೀರಿಹೋದ ಮೇಲೆ ಏಳು ತಿಂಗಳು ನಾನು ಅದನ್ನು ಗಮನಿಸಿರಲಿಲ್ಲ, ಅಷ್ಟೆ. ಒಂದು ಮಂಗಳವಾರ ಮೂರನೇ ಪೀರಿಯಡ್‌ನಲ್ಲಿ ಒಂಬತ್ತನೇ ತರಗತಿಗೆ ಸಮೀಕರಣ ಹೇಳಿಕೊಡುತ್ತಿದ್ದೆ. ಹೆಡ್‌ಮಿಸ್ ಒಬ್ಬ ಯುವಕನನ್ನು ಕರೆತಂದರು. "ಸರ್, ಇವರು ಆ್ಯಪ್ ಮಾಡ್ತಾರಂತೆ. ನಮ್ಮ ಮಕ್ಕಳನ್ನ ಕೇಳಿ ಮಾಡ್ಬೇಕಂತೆ."

ಮುಂಬಯಿಯ ಚೆಂಬೂರಿನ ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿ ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದವರು. ಇಂಥ ಮಕ್ಕಳಿಗೂ ನ್ಯಾಯವಾಗಿರುವ ಸೋಷಿಯಲ್ ಮೀಡಿಯಾ ಮಾಡಬೇಕೆಂದು ಆ ಯುವಕನ ಆಸೆ. ಉಡುಪಿ ಕಡೆಯವರ ಮಗ, ಬೊರಿವಲಿಯಲ್ಲಿ ಬೆಳೆದವನು. ಕನ್ನಡ ಅರ್ಥವಾಗುತ್ತದೆ, ಮಾತು ಅರ್ಧಕ್ಕೇ ಹಿಂದಿಗೆ ಹೊರಳುತ್ತದೆ. ಅಂದಿನಿಂದ ಪ್ರತಿ ಶನಿವಾರ ಬರತೊಡಗಿದ.

೧. ಒಂದೇ ಫೋನು

"ನಿಮ್ಮ ಫೋನಲ್ಲಿ ಏನೇನು ವಿಡಿಯೋ ಬರುತ್ತೆ?" ಎಂದು ಯುವಕ ಮಕ್ಕಳನ್ನು ಕೇಳಿದ.

ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ. "ನಮ್ಮನ್ಯಾಗ ಒಂದ ಫೋನ್ ರೀ ಸರ, ಅಪ್ಪಂದು. ಅಕ್ಕ ಅದರಾಗ ದಿನಾ ಮೆಹಂದಿ ನೋಡ್ತಾಳ."

"ಮತ್ತೆ ಅಪ್ಪನಿಗೆ?"

"ಅಪ್ಪಗೂ ಈಗ ಬರೀ ಮೆಹಂದಿನ ಬರ್ತೈತ್ರಿ. ಸೈಟ್‌ನಾಗ ಯಾರ ಮದುವಿ ಇದ್ರೂ ಡಿಸೈನ್ ಅಪ್ಪನ್ನ ಕೇಳ್ತಾರ."

೨. ದೂರಿನ ಗುಂಡಿ

ಯಾರಾದರೂ ಬೈದರೆ, ಹೆದರಿಸಿದರೆ ಒತ್ತಲಿಕ್ಕೆಂದು ಆ್ಯಪ್‌ನಲ್ಲಿ ಒಂದು ಕೆಂಪು ಗುಂಡಿ ಇತ್ತು. ಒತ್ತಿ ನೋಡಿ ಎಂದು ಅವನು ತಂದಿದ್ದ ಫೋನುಗಳನ್ನು ಕೊಟ್ಟದ್ದೇ ತಡ, ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ದೂರು ಬಂದವು. ಕಂಪಾಸ್ ಒಯ್ದವನು ವಾಪಸ್ ಕೊಟ್ಟಿಲ್ಲ. ಪಕ್ಕದವಳು ಬೆಂಚಿನಲ್ಲಿ ಮುಕ್ಕಾಲು ಜಾಗ ಹಿಡಿಯುತ್ತಾಳೆ. ಕೊನೆಯದು ನನ್ನ ಮೇಲೆ: ಗಣಿತದ ಸರ್ ಮೊದಲು ನಡುವೆ ಕಥೆ ಹೇಳುತ್ತಿದ್ದರು, ಈಗ ಬರೀ ಲೆಕ್ಕ.

ದೂರುಗಳಿಗೆ ಉತ್ತರಿಸುವ ಕೆಲಸವನ್ನು ನನಗೇ ವಹಿಸಿದ್ದರು. ಆ ಕೊನೆಯದನ್ನು ಎರಡು ಸಲ ಓದಿ, "ಪರಿಶೀಲಿಸಲಾಗುತ್ತಿದೆ" ಎಂಬುದನ್ನು ಒತ್ತಿದೆ.

೩. ವಯಸ್ಸು

ಆ್ಯಪ್‌ನ ನಿಯಮಗಳನ್ನು ಮಕ್ಕಳ ಸಮಿತಿಯೇ ಮಾಡಬೇಕೆಂದು ತೀರ್ಮಾನವಾಯಿತು. ತರಗತಿ ತನ್ನ ಮಾನಿಟರನ್ನು ಅಧ್ಯಕ್ಷೆಯಾಗಿ ಆರಿಸಿತು. ಹದಿನೈದರ ಹುಡುಗಿ, ಕಪ್ಪು ಮೈಬಣ್ಣ, ಗಟ್ಟಿ ದನಿ. ಯಾದಗಿರಿಯಲ್ಲಿದ್ದ ಅಜ್ಜಿಗೂ ಫೋನು ಮಾಡಿ ಹೇಳಿಬಿಟ್ಟಿದ್ದಳು.

ಆ್ಯಪ್ ಮುಖ ನೋಡಿ ವಯಸ್ಸು ಹೇಳುತ್ತಿತ್ತು. ಮಕ್ಕಳಿಗೆಂದೇ ಮಾಡಿದ್ದರಿಂದ ಹದಿನೆಂಟು ದಾಟಿದವರನ್ನು ಒಳಗೆ ಬಿಡುತ್ತಿರಲಿಲ್ಲ. ಅವಳ ಮುಖ ನೋಡಿ "ಮೂವತ್ತೊಂದು" ಎಂದಿತು. ಕಿಟಕಿಯ ಬಳಿ ನಿಲ್ಲಿಸಿದರೆ "ಇಪ್ಪತ್ತೊಂಬತ್ತು". ಬೆಳ್ಳಗಿರುವ, ನಿವೃತ್ತಿ ಹತ್ತಿರದ ಹೆಡ್‌ಮಿಸ್‌ಗೆ "ಇಪ್ಪತ್ತನಾಲ್ಕು".

"ಆ್ಯಪ್ ಚೆನ್ನಾಗಿದೆ," ಎಂದರು ಹೆಡ್‌ಮಿಸ್.

"ಸ್ವಲ್ಪ ಪೌಡರ್ ಹಾಕಿ ಟ್ರೈ ಮಾಡೋಣ್ವಾ?" ಎಂದ ಯುವಕ.

ಹುಡುಗಿಯ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಇಳಿದಿರಲಿಲ್ಲ. "ನನ್ನ ಮುಖ ಸರಿ ಐತ್ರಿ ಸರ. ಅದರ ಕಣ್ಣ ಡಾಕ್ಟರಿಗೆ ತೋರ್ಸಿ ತಗೊಂಬರ್ರಿ."

೪. ಅರ್ಜಿ

ಮುಂದಿನ ಶನಿವಾರ ಅವನು ಸಪ್ಪೆ ಮುಖದಲ್ಲಿ ಬಂದ. "ಸರ್, ಅದಕ್ಕೆ ಕಲಿಸುವಾಗ ಕಪ್ಪು ಮುಖ ತೋರಿಸಿದ್ದೇ ಕಮ್ಮಿ. ಗಲ್ತಿ ನಮ್ದೇ. ಮುಖ ನೋಡೋದನ್ನೇ ತೆಗೆದುಹಾಕಿದ್ದೀನಿ. ಆದ್ರೆ ಈಗ ಯಾರು ಮಕ್ಕಳು, ಯಾರು ದೊಡ್ಡೋರು ಅಂತ ಗೊತ್ತಾಗೋದು ಹೇಗೆ?"

"ಹಾಜರಿ ಪುಸ್ತಕ ಐತಲ್ರಿ," ಎಂದಳು ಹುಡುಗಿ.

ಹಾಜರಿ ಪುಸ್ತಕ ನೋಡಿ ನಾನು ಒಬ್ಬೊಬ್ಬರನ್ನೇ ಆ್ಯಪ್‌ನ ಒಳಗೆ ಬಿಟ್ಟೆ, ಮೊದಲು ಅವಳನ್ನು. ಅವಳ ಸಮಿತಿ ಅಲ್ಲೇ ಮೊದಲ ನಿಯಮ ಮಾಡಿತು: ದೊಡ್ಡವರು ಒಳಗೆ ಬರಬೇಕಾದರೆ ಕನ್ನಡದಲ್ಲಿ ಅರ್ಜಿ ಕೊಡಬೇಕು, ರಜಾ ಅರ್ಜಿಯ ಮಾದರಿಯಲ್ಲೇ, ಕಾಗದದ ಮೇಲೆ.

ಮರುವಾರ ಯುವಕ ಆ್ಯಪ್ ತೆರೆದರೆ ಬಾಗಿಲು ಹಾಕಿತ್ತು.

"ಅರೆ, ಇದನ್ನ ಮಾಡಿದ್ದೇ ನಾನು ಯಾರ್!"

"ಯಾರ ಮಾಡಿದ್ರೂ ಅರ್ಜಿ ಬೇಕ್ರಿ ಸರ," ಎಂದಳು ಅಧ್ಯಕ್ಷೆ.

ಕಾರಿಡಾರಿನ ಬೆಂಚಿನಲ್ಲಿ ಕೂತು, ನನ್ನನ್ನು ಕೇಳಿ ಕೇಳಿ ಬರೆದ. ವಿಷಯ ಹಾಕಿಲ್ಲವೆಂದು ಅವಳು ಹಿಂದಿರುಗಿಸಿದಳು. ಎರಡನೆಯದಕ್ಕೆ ದಿನಾಂಕವಿರಲಿಲ್ಲ. ಮೂರನೆಯದಕ್ಕೆ ಪಾಲಕರ ಸಹಿ ಎಲ್ಲಿ ಎಂದು ಕೇಳಿದಳು. ಅವನು ಅಲ್ಲಿಂದಲೇ ಬೊರಿವಲಿಗೆ ಫೋನು ಹಚ್ಚಿ, "ಅಮ್ಮಾ, ಶಾಲೆಗೆ ಬರ್ಬೇಕಂತೆ," ಎಂದ.

ತಾಯಿ ಎರಡು ಲೋಕಲ್ ರೈಲು ಬದಲಿಸಿ ಬಂದು, "ಇವ ಏನು ಮಾಡಿದ ಮಾಸ್ಟ್ರೇ?" ಎಂದು ನನ್ನನ್ನೇ ಕೇಳಿ, ಸಹಿ ಹಾಕಿಕೊಟ್ಟರು.

ಅರ್ಜಿಯ ಕೆಳಗೆ ಹುಡುಗಿ "ಒಪ್ಪಿಗೆ" ಎಂದು ಹಸಿರು ಶಾಯಿಯಲ್ಲಿ ಬರೆದಳು.