ಶಿಶುವಿಹಾರದ ಹೊಸ ಹುಡುಗಿ

ಮಗುವನ್ನು ಶಾಲೆಗೆ ಕಳಿಸುವ ಮನೆಯಲ್ಲಿ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಐವತ್ತರ ದಶಕದ ಕೊನೆಯಲ್ಲಿ, ಜಮೀನು ಅಳೆಯುವ ಮೋಜಣಿ ಕೆಲಸಕ್ಕೆಂದು ನಾನು ಶಿಕಾರಿಪುರಕ್ಕೆ ಬಂದಾಗ ಅಲ್ಲೊಂದು ಶಿಶುವಿಹಾರ ಹೊಸದಾಗಿ ಶುರುವಾಗಿತ್ತು. ನಾಲ್ಕು ವರ್ಷದ ಮಗಳನ್ನು ಸೇರಿಸಿದೆ. ಸೊರಬದಲ್ಲಿದ್ದ ನನ್ನಮ್ಮನಿಗೆ ಇದು ಸುತಾರಾಂ ಒಪ್ಪಿಗೆಯಿರಲಿಲ್ಲ.

"ಆಟ ಆಡೋಕೆ ಶಾಲೆ ಎಂತಕ್ಕೆ ಮಾರಾಯ? ಯುಗಾದಿಗೆ ಬರ್ತೇನೆ. ಅಷ್ಟರಲ್ಲಿ ಒಂದಕ್ಷರನಾದ್ರೂ ಕಲೀದಿದ್ರೆ ಕೂಸನ್ನ ನಾನೇ ಕರ್ಕೊಂಡು ಹೋಗ್ತೇನೆ" ಎಂದುಬಿಟ್ಟಳು.

ಮಗಳನ್ನು ಬಿಟ್ಟಿರುವುದು ನನ್ನಿಂದ ಆಗುವ ಮಾತಲ್ಲ. ಅಮ್ಮನಿಗೆ ಎದುರಾಡುವುದಂತೂ ಮೊದಲೇ ಆಗದು.

ಚೊಂಬು

ಮೊದಲ ದಿನ ಸ್ಲೇಟು, ಬಳಪ ಹಿಡಿದು ಹೋದೆ. ಟೀಚರಮ್ಮ ಎರಡನ್ನೂ ವಾಪಸು ಕೊಟ್ಟರು. "ಇವು ಬ್ಯಾಡ್ರೀ. ಒಂದು ಚಾಪೆ, ಒಂದು ಚೊಂಬು ಕಳಿಸ್ರಿ."

ಇದೇನು, ಕಾಶಿಯಾತ್ರೆಯೇ? ಅಷ್ಟರಲ್ಲಿ ಮಗಳು ಅಳತೊಡಗಿದಳು. ಅವಳಿಗಿಂತ ಚೂರು ದೊಡ್ಡ ಹುಡುಗಿಯೊಬ್ಬಳು ಬಂದು ಕೈ ಹಿಡಿದುಕೊಂಡಳು. ಅತ್ತವರಿಗೆ ಒಬ್ಬರು ಜೊತೆ, ಗಂಟೆ ಹೊಡೆಯುವ ತನಕ ಕೈ ಬಿಡುವ ಹಾಗಿಲ್ಲ. ಅದು ಅಲ್ಲಿನ ಕಾನೂನಂತೆ. ಹೊರಗೆ ನಿಂತ ನಾನೂ ಕಣ್ಣೊರೆಸಿಕೊಂಡೆ. ನನ್ನ ಕೈ ಹಿಡಿಯಲು ಯಾರೂ ಬರಲಿಲ್ಲ.

ಕಿಟಕಿ

ಸಂಜೆ "ಇವತ್ತೇನು ಕಲಿತೆ?" ಎಂದರೆ ಮಗಳು "ಮಲಗಿದ್ವಿ" ಎನ್ನುತ್ತಿದ್ದಳು. "ಆಮೇಲೆ?" "ಎದ್ವಿ."

ಕುತೂಹಲ ತಡೆಯಲಾರದೆ ಒಂದು ದಿನ ಕಿಟಕಿಯಲ್ಲಿ ಇಣುಕಲು ಹೋದೆ. ಪೇಟೆಯ ಜವಳಿ ಸಾಹುಕಾರರು ಆಗಲೇ ಅಲ್ಲಿ ಸರಳು ಹಿಡಿದು ನಿಂತಿದ್ದರು. ಅವರ ಮಗನೂ ಅದೇ ಶಿಶುವಿಹಾರಕ್ಕೆ ಬರುತ್ತಿದ್ದ. "ಏನ್ ಮಾಡಾಕತ್ಯಾವ್ರೀ?" ಎಂದು ನನ್ನನ್ನೇ ಕೇಳಿದರು. ಒಳಗೆ ಮಕ್ಕಳು ಹುಣಸೆಬೀಜ ಹರಡಿಕೊಂಡು ಏನೋ ಘನವಾದ ವ್ಯವಹಾರದಲ್ಲಿ ಮುಳುಗಿದ್ದರು. ಹಿಂದಿನಿಂದ ಟೀಚರಮ್ಮನ ದನಿ ಕೇಳಿತು: "ಮಕ್ಳು ಅಳೋದು ಬಿಟ್ಟಾವು. ಅಪ್ಪಂದಿರಿಗೇ ಇನ್ನೂ ರೂಢಿ ಆಗಿಲ್ಲ ನೋಡ್ರಿ."

ಉಗುರು

ನಮ್ಮ ಮೇಲಧಿಕಾರಿಗಳು ಒಮ್ಮೆ ಮನೆಗೆ ಊಟಕ್ಕೆ ಬಂದರು. ಅವರೆಂದರೆ ಶ್ಯಾನುಭೋಗರೆಲ್ಲ ನಡುಗುತ್ತಿದ್ದರು. ಎಲೆಯ ಮುಂದೆ ಕೂತವರಿಗೆ ಮಗಳು ಥೇಟ್ ಟೀಚರಮ್ಮನ ಹಾಗೆ "ಕೈ ತೋರ್ಸಿ" ಎಂದಳು. ತೋರಿಸಿದರು. "ಉಗುರು ಕೊಳಕು. ತೊಳ್ಕೊಂಡು ಬನ್ನಿ."

ನನ್ನ ನೌಕರಿಗೆ ಎಳ್ಳುನೀರು ಬಿಟ್ಟೆ. ಅವರು ತೆಪ್ಪಗೆ ಎದ್ದು ಬಚ್ಚಲಿಗೆ ಹೋದರು. ಆಮೇಲೆ ಕಚೇರಿಯಲ್ಲಿ ನನ್ನನ್ನು ಬೈಯುವಾಗಲೆಲ್ಲ ಅವರ ಕೈ ಜೇಬಿನಲ್ಲೇ ಇರುತ್ತಿತ್ತು.

ಹೊಸ ಹುಡುಗಿ

ಯುಗಾದಿಗೆ ಅಮ್ಮ ಬಂದಳು. ಮಗಳಿಗೆ ಒಂದಕ್ಷರವೂ ಬಂದಿರಲಿಲ್ಲ. ಹಬ್ಬ ಮುಗಿದ ಮೇಲೆ ಒಂದು ದಿನ ಅಮ್ಮ ಗಂಟು ಕಟ್ಟಿ, "ಮಧ್ಯಾಹ್ನದ ಬಸ್ಸಿಗೆ ಹೊರಡ್ತೇವೆ, ಕೂಸನ್ನ ಕರ್ಕೊಂಡು ಬರ್ತೇನೆ" ಎಂದು ಶಿಶುವಿಹಾರಕ್ಕೆ ಹೋದಳು. ಬಸ್ಸಿನ ಹೊತ್ತಾದರೂ ಇಬ್ಬರೂ ಬರಲಿಲ್ಲ. ಭಾರವಾದ ಮನಸ್ಸಿನಿಂದ ನಾನೇ ಹೋದೆ.

ಮಕ್ಕಳೆಲ್ಲ ಸಾಲಾಗಿ ಮಲಗಿದ್ದರು. ನಡುವೆ ಮಗಳ ಪುಟ್ಟ ಚಾಪೆಯ ಮೇಲೆ ಅಮ್ಮ ಕಾಲು ಮಡಚಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿದ್ದಳು.

"ಸೊರಬಕ್ಕೆ ಬರ್ತೀಯಾ ಅಂತ ಕೇಳಿದ್ರು. ಹುಡುಗಿ ಒಲ್ಲೆ ಅಂತು. ಅಜ್ಜಿ ಅತ್ತೇಬಿಟ್ರು ನೋಡ್ರಿ" ಎಂದು ಟೀಚರಮ್ಮ ಪಿಸುಗುಟ್ಟಿದರು.

"ಅಮ್ಮಾ, ಬಸ್ಸು..." ಎಂದೆ.

ಮಗಳು ತುಟಿಯ ಮೇಲೆ ಬೆರಳಿಟ್ಟಳು. "ಶ್! ಗಂಟೆ ಹೊಡೆಯೋ ತನಕ ಬಿಡಲ್ಲ. ಹೊಸ ಹುಡುಗಿ ಅಪ್ಪಾ, ತುಂಬ ಅಳ್ತಾಳೆ."

ಮರುದಿನ ಬೆಳಿಗ್ಗೆ ಅಮ್ಮ ಸೆರಗು ಬಿಗಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿಗೆ ಹೊರಟಳೇನೋ ಎಂದು ನೋಡಿದೆ. ಕೈಯಲ್ಲಿ ಗಂಟಿರಲಿಲ್ಲ, ಚೊಂಬಿತ್ತು.

"ಎಂತ ನೋಡ್ತೀಯ?" ಎಂದಳು. "ನಂಗೂ ಒಂದು ಚಾಪೆ ಕೊಡು."