ಮಾರ್ಲಿಸಳ ಟ್ರೇ, ಡೊರೀನಳ ಹೊಟ್ಟೆಕಿಚ್ಚು

"ಮೂರೇ ದಿನ ನನ್ನ ಕೈಗೆ ಬಿಡಿ! ಇಲ್ಲೇ ಹುಟ್ಟಿದವರಿಗೂ ಈ ಹುಡುಗಿ ಅಮೆರಿಕದ ಪಾಠ ಹೇಳ್ತಾಳೆ!" ಎಂದು ಡೊರೀನ್ ಘೋಷಿಸಿದಳು. ಹುಡುಗಿಯೆಂದರೆ ಒರ್ನೆಲ್ಲಾ, ಇಟಲಿಯಿಂದ ಮಿನೆಸೋಟಾದ ಆ ಪುಟ್ಟ ಊರಿಗೆ ಬಂದು ಡೊರೀನಳ ಮನೆಯಲ್ಲಿ ಇಳಿದಿದ್ದ ಅತಿಥಿ.

ಪಾಠ ಶುರುವಾಯಿತು. ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ ಅನ್ನಬೇಕು, ಸೊಂಟ ಮುರಿದಿದ್ದರೂ ಸರಿ! ನೀರಿಗೆ ಐಸ್ ಹಾಕಬೇಕು, ಹೊರಗೆ ಹಿಮ ಸುರಿಯುತ್ತಿದ್ದರೂ ಸರಿ! ಎಲ್ಲಕ್ಕಿಂತ ಮುಖ್ಯ, ಹತ್ತು ಜನ ಸೇರಿದ ಊಟದಲ್ಲಿ ಕೊನೇ ತುಂಡಿಗೆ ಯಾರೂ ಕೈಹಾಕಬಾರದು.

"ಹಸಿವಾದ್ರೆ ಆಂಟೀ?"

"ಅರ್ಧ ಕತ್ತರಿಸಿ ತಗೋ. ಮುಂದಿನವರು ಅದರಲ್ಲಿ ಅರ್ಧ ತಗೋತಾರೆ. ಇರುವೆ ಬಾಯಿಗಾಗುವಷ್ಟಾದ್ರೂ ಉಳೀಬೇಕು."

ಇಷ್ಟೆಲ್ಲ ತಯಾರಿ ಭಾನುವಾರ ಚರ್ಚಿನಲ್ಲಿ ನಡೆಯುವ ಊಟಕ್ಕೆ. ಮನೆಗೊಂದು ಅಡುಗೆ ತರುವುದು ಅಲ್ಲಿನ ಪದ್ಧತಿ. ಡೊರೀನ್, ಪಕ್ಕದ ಮನೆಯ ಮಾರ್ಲಿಸ್ ಇಬ್ಬರೂ ತರುತ್ತಿದ್ದುದು ಹಾಟ್‌ಡಿಶ್ಶೇ: ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು, ಮೇಲೆ ಆಲೂಗಡ್ಡೆಯ ಉಂಡೆ, ಎಲ್ಲ ಒಂದೇ ಟ್ರೇಯಲ್ಲಿ ಗಟ್ಟಿಯಾಗುವಂತೆ ಬೇಯಿಸಿದ್ದು. ಆದರೆ ಮಾರ್ಲಿಸಳ ಟ್ರೇ ಪ್ರತಿಸಲ ಕೊನೇ ತುಂಡಿಗೆ ಬರುತ್ತಿತ್ತು. ಡೊರೀನಳದು ಹೋದ ಭಾರದಲ್ಲೇ ಮನೆಗೆ ಮರಳುತ್ತಿತ್ತು. ಹೊಟ್ಟೆಕಿಚ್ಚಿಗೆ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

"ಅವಳದೇನ್ರೀ ಹೆಚ್ಚು? ನಾನು ಮಾಡೋದೂ ಅದೇ ಅಲ್ವಾ?"

"ನೋಡೋಕೆ ಅದೇ ಕಣೇ," ಎಂದು ಗಂಡ ವೆರ್ನನ್ ಪೇಪರಿನ ಹಿಂದೆ ಮರೆಯಾದ.

ಈ ಸಲ ಮಾರ್ಲಿಸಳ ಸೊಕ್ಕು ಮುರಿಯಲೇಬೇಕು! ಭಾನುವಾರ ಡೊರೀನ್ ಸೌಟು ಹಿಡಿದು ರಣರಂಗಕ್ಕಿಳಿದಳು. "ಒಂಚೂರು, ಒಂದೇ ಒಂಚೂರು!" ಎನ್ನುತ್ತ ಕಂಡಕಂಡವರ ತಟ್ಟೆಗೆ ಸುರಿದಳು. ಮೂರನೇ ಸಲವೂ ಬೇಡ ಅನ್ನುವಷ್ಟು ಒರಟುತನ ಆ ಊರಿನವರಲ್ಲಿಲ್ಲ. ಪಾದ್ರಿಗಳ ತಟ್ಟೆಗೆ ಎರಡು ಸಲ ಬಿತ್ತು, ಪಾಪ. ಕೊನೆಗೂ ಡೊರೀನಳ ಟ್ರೇಯಲ್ಲಿ ಒಂದೇ ತುಂಡು! ಪಕ್ಕದಲ್ಲಿ ಮಾರ್ಲಿಸಳ ಟ್ರೇಯಲ್ಲೂ ಒಂದೇ ತುಂಡು, ಅದೂ ಅರ್ಧದ ಅರ್ಧ.

ಡೊರೀನ್ ಒರ್ನೆಲ್ಲಾಳನ್ನು ತಿವಿದಳು. "ಹೋಗೇ, ಕೊನೇ ತುಂಡು ತಿಂದು ಖಾಲಿ ಮಾಡು!"

"ತಪ್ಪಲ್ವಾ ಆಂಟೀ?"

"ಹೊರಗಿಂದ ಬಂದವರಿಗೆ ಮಾಫಿ ಇದೆ. ಬೇಗ!"

"ಅಯ್ಯೋ, ಮೊದಲೇ ಹೇಳಬಾರದಿತ್ತಾ! ಆಗಲಿಂದ ಆಸೆ ತಡ್ಕೊಂಡು ನಿಂತಿದ್ದೀನಿ!"

ಹುಡುಗಿ ನೆಟ್ಟಗೆ ಓಡಿದ್ದು ಮಾರ್ಲಿಸಳ ಟ್ರೇಗೆ! ತುಂಡನ್ನು ಬಾಯಿಗಿಟ್ಟುಕೊಂಡಳು. ಸಾಲದ್ದಕ್ಕೆ, ಅವಳ ಊರಿನ ರೂಢಿಯಂತೆ ಬ್ರೆಡ್ಡಿನಿಂದ ಟ್ರೇಯನ್ನು ಮೂಲೆಮೂಲೆ ಒರೆಸಿ ತಿಂದಳು. ಇಡೀ ಸಭೆ ಚಪ್ಪಾಳೆ ತಟ್ಟಿತು. ಡೊರೀನಳಿಗೆ ಮೈಯೆಲ್ಲ ಉರಿದುಹೋಯಿತು.

ಮಾರ್ಲಿಸಳ ಕಣ್ಣಲ್ಲಿ ನೀರು. "ನನ್ನ ಟ್ರೇ ಪೂರ್ತಿ ಖಾಲಿಯಾಗಿದ್ದು ಇದೇ ಮೊದಲು! ಯಾರಮ್ಮ ನಿನ್ನನ್ನ ಕಳಿಸಿದ್ದು?"

"ಡೊರೀನ್ ಆಂಟಿನೇ!"

ಮಾರ್ಲಿಸ್ ಓಡಿಬಂದು ಡೊರೀನಳನ್ನು ಉಸಿರು ಕಟ್ಟುವಂತೆ ತಬ್ಬಿಕೊಂಡಳು. ಆ ತೆಕ್ಕೆಯಲ್ಲಿ ಸಿಕ್ಕಿಕೊಂಡ ಡೊರೀನಳಿಗೆ ಇನ್ನು ತಡೆಯಲಾಗಲಿಲ್ಲ. ಮಾನ ಬಿಟ್ಟು ಕೇಳಿಯೇಬಿಟ್ಟಳು:

"ನಿಜ ಹೇಳೇ, ಅದಕ್ಕೆ ಏನು ಹಾಕ್ತೀಯ?"

"ಇದೇನೇ ಹೀಗೆ ಕೇಳ್ತೀಯ! ನಾನು ಮದುವೆಯಾಗಿ ಬಂದಾಗ ನೀನೇ ಅಲ್ವಾ ಹೇಳಿಕೊಟ್ಟಿದ್ದು? ನೀನು ಹೇಳಿದ ಹಾಗೇ ಮಾಡ್ತೀನಿ," ಎಂದ ಮಾರ್ಲಿಸ್, ಅವಳ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದಳು: "ಉಪ್ಪೊಂದು ಹಾಕ್ತೀನಿ ಅಷ್ಟೇ."